ಕೊನೆಯ ಮನೆಯ ಇಳಿಜಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಮನೆಯ ಅಂಗಳದಲ್ಲಿ ತೋಡಿದ ಕಾಲುವೆಯೊಳಗೆ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಪೈಪಿನ ಮೇಲೆ ಮಟ್ಟಗೋಲು ಇಟ್ಟು ಅದರ ಗಾಜಿನೊಳಗಿನ ಗುಳ್ಳೆಯನ್ನು ನೋಡುತ್ತಾರೆ, ಪೈಪಿನಡಿಗೆ ಒಂದು ಹಿಡಿ ಮರಳು ತುರುಕುತ್ತಾರೆ, ಮತ್ತೆ ನೋಡುತ್ತಾರೆ. ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತ ಮನೆಯಜ್ಜಿಗೆ ತಾಳ್ಮೆ ತೀರುತ್ತಿದೆ.

"ಇವತ್ತಾದ್ರೂ ಆಗತ್ತೇನಮ್ಮಾ?"

"ನೀವು ಹೀಗೆ ಕೇಳ್ತಾ ಇದ್ರೆ ಗುಳ್ಳೆಗೂ ಗಾಬರಿಯಾಗತ್ತೆ ಅಜ್ಜಿ. ಸ್ವಲ್ಪ ಸುಮ್ನಿರಿ."

ಬೀದಿಯವರಿಗೆಲ್ಲ ಈಕೆ ಪೈಪಕ್ಕ. ಒಳಚರಂಡಿ ಕೊನೆಗೂ ಈ ಬಡಾವಣೆಗೆ ಬಂದಿದೆ. ರಸ್ತೆಯಡಿ ದೊಡ್ಡ ಕೊಳವೆ ಹೂಳಲು ಯಂತ್ರಗಳು ಬಂದವು, ಉದ್ಘಾಟನೆಗೆ ಹಾರಗಳೂ ಬಂದವು. ಆದರೆ ಪ್ರತಿ ಮನೆಯ ಬಚ್ಚಲಿಂದ ರಸ್ತೆಯವರೆಗಿನ ನಾಲ್ಕು ಮಾರು ದೂರಕ್ಕೆ ಬರುವವರು ಪೈಪಕ್ಕ ಒಬ್ಬರೇ. ದಿನಕ್ಕೆ ಎರಡು ಮನೆ ಜೋಡಿಸಿದರೆ ಹೆಚ್ಚು, ಅಂಗಳ ಕಲ್ಲಾಗಿದ್ದರೆ ಒಂದೂ ಇಲ್ಲ.

ಇಲ್ಲಿನ ಶೌಚದ ಗುಂಡಿಗಳು ಕೈಕೊಟ್ಟು ವರ್ಷಗಳಾಗಿವೆ. ನೆಲ ನೀರು ಕುಡಿಯುವುದನ್ನೇ ನಿಲ್ಲಿಸಿದೆ. ಮೇಲಿನ ಮನೆಯವರು ಬಟ್ಟೆ ಒಗೆದರೆ ಕೆಳಗಿನ ಮನೆಯವರ ಬಚ್ಚಲು ಉಕ್ಕುತ್ತದೆ. ಅದಕ್ಕೇ ಬೀದಿಯಲ್ಲೊಂದು ಕಟ್ಟಳೆ. ಗುಂಡಿ ತುಂಬಿದ ಮನೆಯವರು ಗೇಟಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ, ಅದು ಕಂಡರೆ ಮೇಲಿನವರು ಅವತ್ತು ಒಗೆಯುವುದಿಲ್ಲ, ತಲೆಗೂ ನೀರು ಹಾಕಿಕೊಳ್ಳುವುದಿಲ್ಲ. ಜಗಳವಾಡಿ ಸಾಕಾದ ಮೇಲೆ ಹುಟ್ಟಿದ ಮರ್ಯಾದೆ ಇದು. ಅಜ್ಜಿಯ ಗೇಟಿನ ಬಟ್ಟೆಯನ್ನಂತೂ ಬಿಚ್ಚಿದ್ದೇ ಇಲ್ಲ, ಬಿಸಿಲಿಗೆ ಅದರ ಬಣ್ಣವೇ ಹೋಗಿದೆ.

ಅಜ್ಜಿಯ ಜೊತೆಗೇ ಇದ್ದ ಮಗಳು, ಅಳಿಯ ಹೆರಿಗೆಯ ನಂತರ ಮನೆಗೆ ಬಂದಿಲ್ಲ. ಹೊಲಸು ಉಕ್ಕುವ ಮನೆಗೆ ಹಸುಗೂಸನ್ನು ತರುವುದಿಲ್ಲವೆಂದು ಮಗಳು ನಾದಿನಿಯ ಮನೆಯಲ್ಲಿದ್ದಾಳೆ. ಅಜ್ಜಿಯ ಮಂಡಿಗೆ ಅಲ್ಲಿನ ಮೂರು ಮಹಡಿ ಹತ್ತುವ ಶಕ್ತಿಯಿಲ್ಲ. "ಅವಳು ಹೇಳೋದು ಸರೀನೇ," ಎನ್ನುತ್ತಾರೆ ಅಜ್ಜಿ. ಮೊಮ್ಮಗಳನ್ನು ಅವರು ನೋಡಿರುವುದು ಫೋನಿನಲ್ಲಿ ಮಾತ್ರ.

ಇದೇ ಮನೆಯಲ್ಲಿ ಪೈಪಕ್ಕ ಹೋದ ವಾರ ಎಡವಿದ್ದರು. ಬೀದಿಯ ಈ ತುದಿಯಲ್ಲಿ ದೊಡ್ಡ ಕೊಳವೆ ಆಳದಲ್ಲಿದೆ, ಬೇಕಾದಷ್ಟು ಇಳಿಜಾರು ಸಿಗುತ್ತದೆ. ಕೂಸು ಬೇಗ ಬರಲಿ ಎಂಬ ಅವಸರದಲ್ಲಿ ಮಟ್ಟ ನೋಡದೆ ಪೈಪನ್ನು ಕಡಿದಾಗಿ ಇಳಿಸಿಬಿಟ್ಟರು. ಎರಡೇ ದಿನಕ್ಕೆ ಅದು ಕಟ್ಟಿಕೊಂಡಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋದು ಗಂಡಸರಿಗಷ್ಟೇ ಹೇಳಿದ್ದಲ್ಲ ಎಂದು ಅವರೇ ನಗುತ್ತಾರೆ.

"ಇಳಿಜಾರು ಜಾಸ್ತಿಯಾದ್ರೆ ನೀರು ತಾನೊಂದೇ ಓಡಿಬಿಡತ್ತೆ. ಹೊತ್ಕೊಂಡು ಹೋಗ್ಬೇಕಾದ್ದು ಹಿಂದೇನೇ ಕೂತು ಗಟ್ಟಿಯಾಗತ್ತೆ. ನೀರು ನಿಧಾನಕ್ಕೆ, ಜೊತೇಲಿರೋದನ್ನೂ ಕರ್ಕೊಂಡು ಹೋಗ್ಬೇಕು. ಗೊತ್ತಿದ್ದೂ ಮಾಡ್ದೆ ನೋಡಿ. ಅದಕ್ಕೇ ಪೂರ್ತಿ ಅಗೆದು ಮತ್ತೆ ಹಾಕ್ತಿದೀನಿ."

ಪೈಪಕ್ಕನ ಗಂಡನೂ ಇದೇ ಕೆಲಸದವರು. ಮಣ್ಣು ಕುಸಿದು ಅವರ ಸೊಂಟ ಹೋದ ಮೇಲೆ, ಸಲಕರಣೆ ಎತ್ತಿಕೊಡುತ್ತಿದ್ದ ಹೆಂಡತಿ ಸಲಕರಣೆಯನ್ನೇ ಹಿಡಿದರು. ಈಗ ಅಡುಗೆ ಗಂಡನದು. "ಉಪ್ಪು ಒಂದು ಬಿಟ್ರೆ ಎಲ್ಲಾ ಸರಿಯಾಗಿ ಹಾಕ್ತಾರೆ," ಎಂಬುದು ಹೆಂಡತಿಯ ಪ್ರಮಾಣಪತ್ರ. ಕೆಲಸ ಮುಗಿಸಿ ಬಸ್ಸು ಹತ್ತಿದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲವಂತೆ. "ಒಳ್ಳೇದೇ ಬಿಡಿ, ಚೀಲ ಇಡೋಕೆ ಜಾಗ ಸಿಗತ್ತೆ," ಎಂದು ನಗುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದ ನನಗೆ ನಗಲಾಗುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಗುಳ್ಳೆ ಗೆರೆಯನ್ನು ಒಂದಿಷ್ಟೇ ದಾಟಿ ನಿಲ್ಲುತ್ತದೆ, ಬೇಕಾದ ಇಳಿಜಾರು ಅಷ್ಟೇ. ಇನ್ನು ಪರೀಕ್ಷೆ. ಪೈಪಕ್ಕ ಹಳೇ ಪತ್ರಿಕೆಯನ್ನು ನೆನೆಸಿ ಉಂಡೆ ಕಟ್ಟುತ್ತಾರೆ. ಅದು ನಮ್ಮದೇ ಪತ್ರಿಕೆ, ನಾನು ಕಂಡೂ ಕಾಣದಂತಿದ್ದೇನೆ. ಅಜ್ಜಿ ಒಳಗಿನಿಂದ ಉಂಡೆಗಳ ಜೊತೆ ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರನ್ನು ಬಿಡಬೇಕು. ಪೈಪಕ್ಕ ಪೈಪು ಬಂದು ಸೇರುವ ರಸ್ತೆಯಂಚಿನ ಗುಂಡಿಯ ಮುಚ್ಚಳ ತೆಗೆದು, ಹೊಟ್ಟೆಯ ಮೇಲೆ ಮಲಗಿ ಒಳಗೆ ಇಣುಕುತ್ತಾರೆ.

"ಬಿಡಿ ಅಜ್ಜಿ."

ನೀಲಿ ನೀರು ಬರುತ್ತದೆ. ಅದರ ಜೊತೆಜೊತೆಗೇ ಉಂಡೆಗಳೂ ತೇಲಿ ಬರುತ್ತವೆ, ಒಂದೂ ಹಿಂದುಳಿಯದೆ. ಪೈಪಕ್ಕ ಎದ್ದು ಕೂತು ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಮಗಳಿಗೆ ಫೋನ್ ಮಾಡಿ," ಎನ್ನುತ್ತಾರೆ.

ಮಗಳು, ಅಳಿಯ ಬರುವಷ್ಟರಲ್ಲಿ ಪೈಪಕ್ಕ ಕಾಲುವೆಗೆ ಮಣ್ಣೆಳೆಯುತ್ತಾರೆ. ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಸಲಿಕೆ ನಿಲ್ಲಿಸಿ ಯೋಚಿಸುತ್ತಾರೆ. "ಕೂಸನ್ನ ಒಂದ್ಸಲ ನೋಡ್ಬೇಕು. ಗೇಟಿನ ಹತ್ರದಿಂದಲೇ ಸಾಕು."

ಮಧ್ಯಾಹ್ನ ಕಾರೊಂದು ಬಂದು ನಿಲ್ಲುತ್ತದೆ. ಅಜ್ಜಿ ಮೊಮ್ಮಗಳನ್ನು ಎದೆಗವಚಿಕೊಳ್ಳುತ್ತಾರೆ. ಆಮೇಲೆ ಗೇಟಿನಾಚೆ ನಿಂತ ಪೈಪಕ್ಕನ ಕಡೆ ತಿರುಗುತ್ತಾರೆ.

"ಬಾ, ಎತ್ಕೋ."

"ಅಯ್ಯೋ ಬೇಡ ಅಜ್ಜಿ, ನನ್ನ ಕೈ ನೋಡಿ."

"ಕೈಗೇನಾಗಿದೆ? ಬಚ್ಚಲಲ್ಲಿ ಸೋಪಿದೆ, ಹೋಗಿ ತೊಳ್ಕೊಂಡು ಬಾ. ಧಾರಾಳವಾಗಿ ತೊಳ್ಕೋ. ನೀರು ಹೋಗೋಕೆ ದಾರಿ ಮಾಡಿದೋಳು ನೀನೇ ತಾನೇ."

ಪೈಪಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ನಲ್ಲಿಯನ್ನು ಪೂರ್ತಿ ತಿರುಗಿಸಿದ ಸದ್ದು ಹೊರಗೆ ಕೇಳುತ್ತದೆ. ನಿಲ್ಲಿಸಲು ಯಾರೂ ಹೇಳುವುದಿಲ್ಲ.