ಬೀರುವಿಗಾಗಿ ಗೋಡೆ ಅಳೆದಾಗ

“ಮೇಲ್ಗಡೆ ಒಂದು ಗೇಣು ಕಮ್ಮಿ ಬರ್ತೈತೆ ಕಣೇ. ಟೇಪು ಸರಿಯಾಗಿ ಹಿಡ್ಕೋ,” ಎಂದು ಸ್ಟೂಲಿನ ಮೇಲೆ ನಿಂತಿದ್ದ ನನ್ನವರು ಗದರಿದರು.

ಎಪ್ಪತ್ತರ ದಶಕದ ಮಾತು. ದೊಡ್ಡಬಳ್ಳಾಪುರದ ನಮ್ಮ ಮಣ್ಣುಗೋಡೆಯ ಬಾಡಿಗೆ ಮನೆಗೆ ಮೊದಲ ಸಲ ಬೀರು ತರಬೇಕೆಂದು ಕೋಣೆಯ ಅಗಲ ಅಳೆಯುತ್ತಿದ್ದೆವು. ನೆಲದ ಬಳಿ ಜಾಗ ಬೇಕಾದಷ್ಟಿತ್ತು. ಬೀರುವಿನ ಎತ್ತರದಲ್ಲಿ ಅಳೆದರೆ ಮಾತ್ರ ಸಾಲುತ್ತಿರಲಿಲ್ಲ. ಮತ್ತೆ ಅಳೆದರೂ ಅಷ್ಟೇ. ಒಂದು ವಾರದಿಂದ ಜಡಿಮಳೆ ಹಿಡಿದಿತ್ತು. ನನ್ನವರು ಗೋಡೆಗೆ ಅಂಗೈ ಇಟ್ಟು ನೋಡಿದರು. ಹಸಿ ಮಣ್ಣು ಕೈಗೆ ಮೆತ್ತಿಕೊಂಡಿತು. ಸದ್ದಾಗದಂತೆ ಸ್ಟೂಲಿನಿಂದ ಕೆಳಗಿಳಿದರು.

“ಗೋಡೆ ಒಳಕ್ಕೆ ವಾಲ್ಕೊಂಡೈತೆ. ಮಗೂನ ಎತ್ಕೊಂಡು ಆಚೆ ನಡಿ,” ಎಂದರು, ಜೋರಾಗಿ ಮಾತಾಡಿದರೆ ಎಲ್ಲಿ ಬಿದ್ದೀತೋ ಎನ್ನುವಷ್ಟು ಮೆಲ್ಲಗೆ.

ಆ ಗೋಡೆಯ ಬುಡದಲ್ಲೇ, ಚಾಪೆಯ ಮೇಲೆ ನಮ್ಮ ಮಗಳು ಮಲಗಿದ್ದಳು.  ಅವಳನ್ನು ಬಾಚಿಕೊಂಡು ಎದುರುಮನೆಯ ಜಗಲಿ ಸೇರಿದೆ. ಅವರೂ ಹಿಂದೆಯೇ ಓಡಿ ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ ಗೋಡೆ ದಡಾರನೆ ಒಳಕ್ಕೆ ಕುಸಿಯಿತು. ಚಾಪೆಯ ಅಂಚೂ ಕಾಣಲಿಲ್ಲ.

ಆಮೇಲೆ ಬೇರೆ ಮನೆ ಹಿಡಿದೆವು, ಬೀರುವೂ ಬಂತು. ಆದರೆ ಮಳೆಗಾಲದಲ್ಲಿ ಇಂದಿಗೂ ಮೊಮ್ಮಕ್ಕಳಿಗೆ ಕೋಣೆಯ ನಡುವೆಯೇ ಹಾಸಿಗೆ ಹಾಸುತ್ತೇನೆ. ಮಕ್ಕಳು ನಗುತ್ತಾರೆ. ನನಗೆ ನಿದ್ದೆ ಬರುವುದಿಲ್ಲ.