ಸೇತುವೆಯಾಚೆಯ ಪೆಟ್ರೋಲು

ಹೊಳೆಯ ಈಚೆ ದಂಡೆಯ ಪೆಟ್ರೋಲ್ ಬಂಕಿನಲ್ಲಿ ಹದಿನೆಂಟು ವರ್ಷದಿಂದ ಪೈಪು ಹಿಡಿದ ಹೆಂಗಸಿಗೆ ಝೀರೋ ಅಕ್ಕ ಅಂತಲೇ ಹೆಸರು. ಯಾವ ಗಾಡಿ ಬಂದರೂ ಪೈಪು ಕೈಗೆತ್ತಿಕೊಂಡು, ಮೀಟರಿನ ಕಡೆ ಗದ್ದ ತೋರಿಸಿ, "ಝೀರೋ ನೋಡ್ಕೊಳ್ಳಿ!" ಅಂತ ಕೂಗದೆ ಒಂದು ಹನಿ ಬಿಟ್ಟವಳಲ್ಲ. ಅವಳ ಪ್ರಾಮಾಣಿಕತೆಗೆ ಊರೇ ಸಾಕ್ಷಿ. ಅದರಿಂದ ಅವಳಿಗೆ ಸ್ವಲ್ಪ ತಲೆಯೂ ತಿರುಗಿತ್ತು ಅನ್ನಿ.

ಸೇತುವೆ ದಾಟಿದರೆ ಬೇರೆ ದೇಶ. ಅಲ್ಲಿ ಪೆಟ್ರೋಲಿಗೆ ಇಲ್ಲಿಯ ಅರ್ಧ ಬೆಲೆ. ಬೈಗುಳ ತಿನ್ನುವವಳು ಮಾತ್ರ ಇವಳು. "ಒಂದೇ ಹೊಳೆ ನೀರು ಕುಡಿಯೋರು ನಾವು, ನಮಗ್ಯಾಕೆ ಈ ಬರೆ?" ಅಂತ ಲಾರಿಯವರು ಕೇಳಿದರೆ ಅಕ್ಕನ ಉತ್ತರ ಸಿದ್ಧ: "ಅವರ ನೆಲದಲ್ಲೇ ಎಣ್ಣೆ ಬಾವಿ ಇದೆ, ನಾವು ಹಡಗಲ್ಲಿ ತರಿಸ್ಬೇಕು. ಮೇಲೆ ನಮ್ಮ ಸರ್ಕಾರ ತೆರಿಗೆ ಹಾಕುತ್ತೆ, ಅವರದ್ದು ಹಾಕಲ್ಲ. ನಮ್ಮ ಆಸ್ಪತ್ರೆ ನಡೆಯೋದು ಅದರಿಂದಾನೇ."

ಕಳೆದ ವರ್ಷ ಒಂದು ದಿನ ಸಂಗೀತದ ಮೇಷ್ಟ್ರು ತಮ್ಮ ಹಳೇ ಕಾರು ನಿಲ್ಲಿಸಿದರು. ಅವರ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕು. "ಎಲ್ಲರೂ ಆಚೆ ಹೋಗಿ ತುಂಬಿಸ್ಕೊಂಡು ಬರ್ತಾರಂತಲ್ಲಮ್ಮ, ನಾನೂ ಹೋದ್ರೆ ತಪ್ಪಾ?" ಅಂತ ಮೆಲ್ಲಗೆ ಕೇಳಿದರು.

ಹಿಂದೆ ಆರು ಗಾಡಿ ಸಾಲು. ಕೇಳುವವರಿದ್ದರೆ ಅಕ್ಕನ ನಾಲಿಗೆಗೆ ಲಗಾಮಿಲ್ಲ. "ನಿಮ್ಮ ಮನೆಯವರಿಗೆ ಪುಕ್ಕಟೆ ಚಿಕಿತ್ಸೆ ಸಿಗ್ತಿರೋದು ಯಾರ ತೆರಿಗೆಯಿಂದ ಮೇಷ್ಟ್ರೇ? ನೀವೇ ಹೀಗಂದ್ರೆ ಹೇಗೆ?" ಮೇಷ್ಟ್ರ ಮುಖ ಪೆಚ್ಚಾಯಿತು. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ತಿಂಗಳಲ್ಲೇ ಮಗಳಿಗೆ ಪೇಟೆಯಲ್ಲಿ ಹೊಲಿಗೆ ಕೆಲಸ ಸಿಕ್ಕಿ, ದಿನಾ ಸ್ಕೂಟರಿನಲ್ಲಿ ಬಿಟ್ಟು ಬರಬೇಕಾಗಿ ಬಂದಾಗ ಅಕ್ಕನೂ ಒಂದು ಭಾನುವಾರ ಸೇತುವೆ ದಾಟಿದಳು. ಒಂದೇ ಸಲ ಅಂತ ಹೋದದ್ದು ವಾರದ ರೂಢಿಯಾಯಿತು. ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯುತ್ತಿರಲಿಲ್ಲ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆಚೆಯ ಬಂಕಿನಲ್ಲಿ ಪೈಪು ಹಿಡಿಯಲು ಕೆಲಸದವರಿಲ್ಲ. ಅವರವರ ಗಾಡಿಗೆ ಅವರವರೇ ತುಂಬಿಸಿಕೊಳ್ಳಬೇಕು.

ಮೊನ್ನೆ ಭಾನುವಾರ ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದರಲ್ಲಿ ಪೈಪು ಎತ್ತಿದಳು. ಹಿಂದೆ ಒಂದು ಕಾರು ಬಂದು ನಿಂತ ಸದ್ದಾಯಿತು. ಹದಿನೆಂಟು ವರ್ಷ ಪಳಗಿದ ಬಾಯಿ ಸುಮ್ಮನಿದ್ದೀತೇ? "ಝೀರೋ ನೋಡ್ಕೊಳ್ಳಿ!" ಅಂತ ಬಂಕಿಗೆಲ್ಲ ಕೇಳುವಂತೆ ಕೂಗಿಬಿಟ್ಟಳು.

ಕಾರಿನ ಬಾಗಿಲು ತೆರೆಯಿತು. ಇಳಿದವರು ಮೇಷ್ಟ್ರು. ಅವಳು ಉಸಿರೆತ್ತುವ ಮೊದಲೇ ಅವರು ತಲೆ ತಗ್ಗಿಸಿ, "ತಪ್ಪಾಯ್ತಮ್ಮ. ಇದೇ ಮೊದಲ ಸಲ. ಈ ತಿಂಗಳು ಏನ್ ಮಾಡಿದ್ರೂ ಆಗ್ಲಿಲ್ಲ" ಅಂದರು.

ನಾನೂ ಅದಕ್ಕೇ ಬಂದಿದ್ದೀನಿ ಅಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಅಂದದ್ದು, "ನಾನು ಭಾನುವಾರ ಇಲ್ಲಿ ಕೆಲಸಕ್ಕೆ ಬರ್ತೀನಿ ಮೇಷ್ಟ್ರೇ." ಕೆಲಸದವರೇ ಇಲ್ಲದ ಬಂಕಿನಲ್ಲಿ ಕೆಲಸವಂತೆ! ತಲೆಯ ಮೇಲೆ ಹೆಲ್ಮೆಟ್ ಬೇರೆ.

"ಪಾಪ, ಭಾನುವಾರವೂ ಬಿಡುವಿಲ್ವೇನಮ್ಮ" ಅಂದ ಮೇಷ್ಟ್ರು, ಒಂದು ಹನಿಯೂ ತುಂಬಿಸಿಕೊಳ್ಳದೆ ಕಾರು ತಿರುಗಿಸಿದರು. ಹೆಂಡತಿ ಒಳಗೆ ಕಿಟಕಿಗೆ ತಲೆ ಆನಿಸಿ ಕೂತಿದ್ದು ಅಕ್ಕನಿಗೆ ಆಗ ಕಂಡಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಟ್ಯಾಂಕು ಪೂರ್ತಿ ತುಂಬಿಸಿಕೊಂಡೇ ಬಂದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಅವಳ ಮೈ ಹಿಡಿಯಾಗುತ್ತದೆ.

ಮರುದಿನ ಬೆಳಿಗ್ಗೆ ಮೇಷ್ಟ್ರ ಕಾರು ಅವಳ ಸಾಲಿಗೇ ಬಂದು ನಿಂತಿತು. ಎರಡೇ ಲೀಟರ್ ಕೇಳಿದರು. ಅಕ್ಕ ಕಿಟಕಿಗೆ ಬಗ್ಗಿದಳು. "ನಿನ್ನೆ ಸುಳ್ಳು ಹೇಳಿದೆ ಮೇಷ್ಟ್ರೇ. ವರ್ಷದಿಂದ ನಾನೂ ಅಲ್ಲೇ ತುಂಬಿಸ್ಕೊಳ್ತಿದ್ದೀನಿ."

"ಗೊತ್ತಮ್ಮ. ಟ್ಯಾಂಕಿನ ಮುಚ್ಚಳ ನಿಮ್ಮ ಕೈಯಲ್ಲೇ ಇತ್ತಲ್ಲ."

"ಮತ್ತೆ ಯಾಕೆ ಹಾಗೇ ವಾಪಸ್ ಹೋದ್ರಿ?"

"ನಿಂತಿದ್ರೆ ನೀವು ಇನ್ನೂ ನಾಲ್ಕು ಸುಳ್ಳು ಹೇಳ್ಬೇಕಾಗ್ತಿತ್ತು."

ಅಕ್ಕ ಪೈಪು ಎತ್ತಿದಳು. ದಿನದಂತೆ ಕೂಗದೆ, ಗದ್ದ ಮಾತ್ರ ಮೀಟರಿನ ಕಡೆ ತೋರಿಸಿದಳು. ಮೇಷ್ಟ್ರೇ ಮೀಟರಿನ ಕಡೆ ನೋಡಿ, ಹಿಂದಿನವರಿಗೆ ಕೇಳದಂತೆ, "ಝೀರೋ ಇದೆಯಮ್ಮ, ಹಾಕಿ" ಅಂದರು.