ನಾಲ್ಕು ಗಂಟೆಯ ಕಾದಂಬರಿಗಳು

ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ ಮನೆಯೊಳಗೆ ಕಲ್ಲು ಬಂತು. ಆ ಹೊತ್ತಿಗೆ ನಾನು ಅತ್ತೆಗೆ ಕಾದಂಬರಿಯೊಂದರ ಏಳನೆಯ ಅಧ್ಯಾಯ ಓದಿ ಹೇಳುತ್ತಿದ್ದೆ. ನಾಯಕ ತಾರಸಿಯ ಮೇಲೆ ನಿಂತು ಚಂದ್ರನನ್ನು ನೋಡುತ್ತಿದ್ದ. ಮೂರು ಪುಟಗಳಿಂದ ನೋಡುತ್ತಲೇ ಇದ್ದ. ನಾಲ್ಕನೆಯ ಪುಟದಲ್ಲೂ ಅವನು ಕೆಳಗಿಳಿಯುವ ಲಕ್ಷಣ ಕಾಣದೆ ಅತ್ತೆ ಕಿಟಕಿ ಪಕ್ಕದ ಕುರ್ಚಿಯಿಂದ ಎದ್ದರು.

"ಅಂವಾ ನೋಡ್ಲಿ. ನಾ ಚಾ ಇಡ್ತೀನಿ."

ಅವರು ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಗಾಜು ಒಡೆದು, ತೆಂಗಿನಕಾಯಿಯಷ್ಟು ದೊಡ್ಡ ಕಲ್ಲೊಂದು ಆ ಕುರ್ಚಿಯಲ್ಲಿ ಬಂದು ಕೂತಿತು. ಕೂತಿತು ಎಂದದ್ದು ಸೌಜನ್ಯಕ್ಕೆ. ಕುರ್ಚಿಯ ಬೆನ್ನು ಮುರಿದಿತ್ತು.

ನಾವಿದ್ದ ಗಚ್ಚಿಬೌಲಿಯಲ್ಲಿ ಆಗ ಬಂಡೆಗಳಿದ್ದ ಕಡೆಯೆಲ್ಲ ಗಾಜಿನ ಕಚೇರಿಗಳು ಏಳುತ್ತಿದ್ದವು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಸೀಟಿ ಊದಿ ಸಿಡಿಸುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟ್ ಮಾರುವಾಗ 'ಪ್ರಕೃತಿಯ ಮಡಿಲಲ್ಲಿ' ಎಂದಿದ್ದರು. ಪ್ರಕೃತಿಯೇ ನಮ್ಮ ಮಡಿಲಿಗೆ ಬರುತ್ತದೆಂದು ಹೇಳಿರಲಿಲ್ಲ. ಸೈಟಿನ ಮ್ಯಾನೇಜರ್ ಬಂದು, ಸಣ್ಣ ಕಲ್ಲಮ್ಮಾ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಹೊಸ ಗಾಜು ಹಾಕಿಸಿಕೊಟ್ಟ. ಮರುದಿನ ನಾಲ್ಕಕ್ಕೆ ಮತ್ತೆ ಸೀಟಿ ಕೇಳಿಸಿತು.

ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ನನ್ನ ಗಂಡ, "ಇನ್ನೊಮ್ಮೆ ಅಲ್ಲೇ ಬೀಳೋ ಪ್ರಾಬಬಿಲಿಟಿ ಭಾಳ ಕಡಿಮಿ ಐತಿ" ಎಂದರು. ಅತ್ತೆ ಅದನ್ನು ವೇದವಾಕ್ಯವೆಂದು ನಂಬಿ ಅದೇ ಜಾಗಕ್ಕೆ ಬೇರೆ ಕುರ್ಚಿ ಎಳೆದುಕೊಂಡರು.

"ಅತ್ತೀ, ಒಳಗ ಕುಂದರ್ರಿ."

"ಒಳಗ ಗಾಳಿ ಎಲ್ಲೈತಿ? ಆವತ್ತು ದೇವರು ಎಬ್ಬಿಸಿದ, ಎದ್ದೆ. ನಾಳಿನೂ ಎಬ್ಬಿಸ್ತಾನ."

ಎಬ್ಬಿಸಿದ್ದು ದೇವರಲ್ಲ, ಏಳನೆಯ ಅಧ್ಯಾಯ. ರಾತ್ರಿ ಕಣ್ಣು ಮುಚ್ಚಿದರೆ ಆ ಚಂದ್ರ ಒಂದು ಪುಟ ಮೊದಲೇ ಮುಳುಗುತ್ತಿದ್ದ, ಅತ್ತೆ ಬೇಸರವಿಲ್ಲದೆ ಕೂತೇ ಇರುತ್ತಿದ್ದರು, ಕಲ್ಲು ಬರುತ್ತಿತ್ತು. ಎದ್ದು ಬೆಳಗಿನವರೆಗೆ ಓದುತ್ತಿದ್ದೆ. ಹಿಮಾಯತ್‌ನಗರದ ಗೆಳತಿಯೊಬ್ಬಳು ಚೀಲ ತುಂಬ ಕಾದಂಬರಿ ಕೊಟ್ಟಿದ್ದಳು. ಚಂದ್ರನದೂ ಸೇರಿ ಒಟ್ಟಿಗೆ ನಾಲ್ಕನ್ನು ಹಿಡಿದಿದ್ದೆ.

ಪ್ರಶಸ್ತಿ ಬಂದ ಕಾದಂಬರಿಯ ನಾಯಕನಿಗೆ ಲಾರಿ ಎದುರು ಬಂದ ಕ್ಷಣದಲ್ಲಿ ಬಾಲ್ಯ, ಮೊದಲ ಪ್ರೇಮ, ದೇಶದ ರಾಜಕೀಯ ಎಲ್ಲವೂ ನೆನಪಾಗುತ್ತವೆ, ಹನ್ನೊಂದು ಪುಟ, ಒಂದು ಪೂರ್ಣವಿರಾಮವಿಲ್ಲದೆ. ಲಾರಿಯವನು ಪಾಪ, ಅಷ್ಟು ಹೊತ್ತೂ ಬ್ರೇಕ್ ತುಳಿದುಕೊಂಡು ಕಾಯುತ್ತಾನೆ. ಗಾಜು ಒಡೆದಾಗ ನನಗೆ ನೆನಪಾದದ್ದು ಇಷ್ಟೇ: ಹಾಲಿಗೆ ಹೆಪ್ಪು ಹಾಕಿಲ್ಲ. ಇನ್ನು ಚಾರಿತ್ರಿಕ ಕಾದಂಬರಿಯಲ್ಲಿ ಹತ್ತು ಸಾವಿರ ಮಂದಿ ಒಂದೇ ಪ್ಯಾರಾದಲ್ಲಿ ಸತ್ತರು, ರಾಜ ಡೇರೆಗೆ ಮರಳಿ ಗಾಢನಿದ್ರೆಗೆ ಜಾರಿದ. ಆ ನಿದ್ರೆ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಲೇಖಕರು ಅಡಿಟಿಪ್ಪಣಿಯಲ್ಲಾದರೂ ತಿಳಿಸಬಹುದಿತ್ತು.

ನಾಲ್ಕನೆಯದು ಮಾತ್ರ ಅಪಾಯಕಾರಿ: ಚೆನ್ನಾಗಿತ್ತು. ರಾಯಚೂರಿಗೆ ಹೊರಟ ರೈಲಿನಿಂದ ವಕೀಲನೊಬ್ಬ ಮಾಯವಾಗುತ್ತಾನೆ, ಅವನ ಹೆಂಡತಿ ಅಳುವುದಿಲ್ಲ. ಮೊದಲ ಎರಡು ಅಧ್ಯಾಯ ಕೇಳುತ್ತ ಅತ್ತೆ ಸೀಟಿ ಊದಿದ್ದೂ ಗೊತ್ತಾಗದೆ ಕಿಟಕಿಯ ಬಳಿ ಕೂತಿದ್ದರು. ಹೊರಗೆ ಬಂಡೆ ಸಿಡಿಯಿತು. ನಾನು ಪುಸ್ತಕ ಮುಚ್ಚಿದೆ. ಅಂದಿನಿಂದ ವಕೀಲನನ್ನು ಬಚ್ಚಿಟ್ಟು, ನಾಲ್ಕಕ್ಕೆ ಸರಿಯಾಗಿ ಚಂದ್ರನನ್ನೇ ತೆರೆಯತೊಡಗಿದೆ. ಸಾಹಿತ್ಯ ಮನುಷ್ಯನನ್ನು ಕಾಪಾಡುತ್ತದೆ ಎಂದು ಕಾಲೇಜಿನಲ್ಲಿ ಪಾಠ ಮಾಡಿದವರ ಅರ್ಥ ಇದೇ ಇರಬೇಕು. ಆದರೆ ಅತ್ತೆ ಈಗ ಬೇಸರಕ್ಕೆ ಏಳುತ್ತಿರಲಿಲ್ಲ, ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಮನೆಯಲ್ಲಿ ನಿದ್ದೆಗೆ ಬರವಿದ್ದದ್ದು ನನಗೊಬ್ಬಳಿಗೇ.

ಕೊನೆಗೆ ಷರತ್ತು ಹಾಕಿದೆ.

"ವಕೀಲನ ಕಥಿ ಅಡಿಗಿಮನ್ಯಾಗ ಅಷ್ಟ ಓದ್ತೀನ್ರಿ. ಅಲ್ಲಿ ಬಂಡೆಗಲ್ಲಿನ ಕಡಿ ಕಿಟಕಿ ಇಲ್ಲ."

"ನನಗ ಹಟಾ ತೋರಸ್ತಿಯೇನವ್ವಾ? ನಿಮ್ಮವ್ವಗ ತಕ್ಕ ಮಗಳು ಬಿಡು."

"ಹೂಂರಿ."

"ಅವನ ಹೇಣ್ತೀನ ಅವನ್ನ ಕೊಂದಾಳ. ಇನ್ನ ಓದೂದೇನೈತಿ?"

"ಹಂಗಾದ್ರ ಬಿಡ್ರಿ."

ಎರಡು ದಿನ ಇಬ್ಬರೂ ವಕೀಲನ ಸುದ್ದಿ ಎತ್ತಲಿಲ್ಲ. ನಾಲ್ಕಾದರೆ ಅವರು ಕಿಟಕಿಯ ಬಳಿ ಕೂರುತ್ತಿದ್ದರು, ನಾನು ಅವರ ಹಿಂದೆ ನಿಲ್ಲುತ್ತಿದ್ದೆ, ಯಾವ ಪುರುಷಾರ್ಥಕ್ಕೋ. ಮೂರನೆಯ ದಿನ, ಗುರುವಾರ, ಸೀಟಿಗೆ ಸ್ವಲ್ಪ ಮೊದಲು ಅವರು ಮೆಂತ್ಯದ ಕಟ್ಟು ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತರು.

"ಪಲ್ಲೆ ಸೋಸೂದೈತಿ, ಅದಕ್ಕ ಬಂದೀನಿ. ನೀ ಸುಮ್ನ ನಿಂದರಬ್ಯಾಡ, ಓದು."

ಓದಿದೆ. ಸೀಟಿ ಕೇಳಿಸಿತು. ಬಂಡೆ ಸಿಡಿದು ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಗಲಗಲ ಎಂದವು. ನಾನು ನಿಲ್ಲಿಸಿದೆ.

"ಯಾಕ ನಿಂತಿ? ಹೇಣ್ತಿ ಬಾಗಲಾ ತಗದ್ಲು. ಮುಂದ?"

ಬಾಗಿಲಲ್ಲಿ ವಕೀಲನೇ ನಿಂತಿದ್ದ, ಜೀವಂತ. ಅತ್ತೆಗೆ ಬಹಳ ನಿರಾಸೆಯಾಯಿತು. ಆ ಹೆಂಡತಿಯ ಮೇಲೆ ಅಷ್ಟು ಭರವಸೆ ಇಟ್ಟಿದ್ದರು. ಮುಂದಿನ ಅಧ್ಯಾಯ ನಾಳೆ ಎಲ್ಲಿ ಓದಲಿ ಎಂದು ಕೇಳಿದೆ.

"ಇಲ್ಲೇ. ಮತ್ತೆಲ್ಲಿ? ನಾಳೆ ಚವಳಿಕಾಯಿ ಸೋಸೂದೈತಿ."

ಆ ಗುರುವಾರ ರಾತ್ರಿ ಊಟ ಮುಗಿಸಿ ಮಲಗಿದವಳು ಹಾಲಿನವನು ಗಂಟೆ ಒತ್ತಿದಾಗಲೇ ಎದ್ದೆ.